ಬೋರ್ಡೋ ಡ್ರಮ್ಮಿನ ಮೇಲೆ ನನ್ನ ಹೆಸರು

ಅಡಿಕೆ ತೋಟದ ಕೆಲಸಗಳನ್ನು ಚಿತ್ರದಲ್ಲಿ ಹೇಳುವುದು ನನ್ನ ಕಸುಬು. ರೋಗ, ಗೊಬ್ಬರ, ಬಸಿಗಾಲುವೆ, ಇಂಥವು. ಹೆಚ್ಚಿನವು ವಾಟ್ಸಾಪ್‌ನಲ್ಲೇ ಓಡಾಡುತ್ತವೆ. ಅಲ್ಲಿ ಚಿತ್ರ ನೋಡಿದ ಕೂಡಲೇ ಅರ್ಥವಾಗಬೇಕು, ನೂರು ಕೈ ದಾಟಿದರೂ ಕೆಡಬಾರದು. ಬಿಡಿಸುವಾಗಲೇ ಎರಡನ್ನೂ ಯೋಚನೆ ಮಾಡಬೇಕು. ಬೋರ್ಡೋ ದ್ರಾವಣದ ಚಿತ್ರದಿಂದಲೇ ಹೇಳುತ್ತೇನೆ.

ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆ ರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಈ ಅಳತೆ ಮಲೆನಾಡಿನಲ್ಲಿ ಎಲ್ಲರಿಗೂ ಬಾಯಿಪಾಠ. ಎಡವಟ್ಟಾಗುವುದು ಬೆರೆಸುವ ಕ್ರಮದಲ್ಲಿ. ಎರಡನ್ನೂ ಬೇರೆ ಬೇರೆ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತಾ ತಿರುವಬೇಕು. ಕಬ್ಬಿಣದ ಪಾತ್ರೆ ಆಗದು. ಕೊನೆಗೆ ತೊಳೆದ ಚಾಕು ಅದ್ದಿ ನೋಡಬೇಕು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಲೆಕ್ಕ, ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಇದನ್ನೆಲ್ಲ ಬರೆದರೆ ಒಂದು ಪುಟ. ಮಳೆ ಬಿಟ್ಟ ಸಣ್ಣ ಗಳಿಗೆಯಲ್ಲಿ ಮದ್ದು ಹೊಡೆಯಲು ಹೊರಟವರು ಅದನ್ನು ಓದುತ್ತಾ ನಿಲ್ಲುತ್ತಾರಾ?

ಕರಡು ಚಿತ್ರವನ್ನು ಮೊದಲು ತೋರಿಸುವುದು ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ನಮ್ಮ ಕೊನೆಗಾರರಿಗೆ. ಏನೂ ವಿವರಿಸುವುದಿಲ್ಲ. "ಇದು ಏನು ಹೇಳ್ತಾ ಇದೆ ಹೇಳಿ" ಅಂತ ಸುಮ್ನೆ ಕೇಳುತ್ತೇನೆ. ಬೋರ್ಡೋ ಚಿತ್ರ ನೋಡಿ ಅವರು ಕೇಳಿದ್ದು: "ಬಾಣ ಏನೋ ಇದೆ ಹೆಗಡೇರೆ, ಆದ್ರೆ ಯಾವುದನ್ನ ಯಾವುದಕ್ಕೆ ಹೊಯ್ಯೋದು?" ಬಾಣ ತೆಗೆದೆ. ನೀಲಿ ಬಕೆಟ್ಟನ್ನು ಎರಡು ಕೈ ಬಗ್ಗಿಸಿ ಹಿಡಿದಿರುವಂತೆ, ನೀಲಿ ಧಾರೆ ಬಿಳಿ ಡ್ರಮ್ಮಿಗೆ ಬೀಳುವಂತೆ ಬಿಡಿಸಿದೆ. ಆಮೇಲೆ ಯಾರೂ ಆ ಪ್ರಶ್ನೆ ಕೇಳಲಿಲ್ಲ. ಕ್ರಿಯೆ ತೋರಿಸಬೇಕಾದಲ್ಲಿ ಬಾಣಕ್ಕಿಂತ ಕೈ ಮೇಲು.

ಮುಂದಿನ ಮಳೆಗಾಲದಲ್ಲಿ ಆ ಚಿತ್ರ ಒಂದು ಔಷಧಿ ಅಂಗಡಿಯ ಫೋನ್ ನಂಬರ್ ಹೊತ್ತುಕೊಂಡು ನನ್ನ ಮೊಬೈಲಿಗೇ ಬಂತು. ಕೆಳಗಿದ್ದ ನನ್ನ ಹೆಸರಿನ ಪಟ್ಟಿ ಕತ್ತರಿಸಿದ್ದರು. ಹೆಸರು ಹೋದದ್ದಕ್ಕಿಂತ ಜಾಸ್ತಿ ಸಂಕಟವಾದದ್ದು, ಅದರ ಜೊತೆ ಚಾಕುವಿನ ಪರೀಕ್ಷೆಯೂ ಹೋಗಿತ್ತು. ಅದನ್ನು ನಂಬಿ ಬೆರೆಸಿದವರ ದ್ರಾವಣದಲ್ಲಿ ಸುಣ್ಣ ಕಡಿಮೆಯಾಗಿದ್ದರೆ ಎಳೆ ಕಾಯಿ, ಸೋಗೆ ಸುಡುತ್ತದೆ. ಅಂಗಡಿಗೆ ಫೋನ್ ಮಾಡಿ ಹೇಳಿದೆ, ಚಿತ್ರ ತೆಗೆಯಲಿಲ್ಲ. ಅಂಗಡಿಯವರು ಜಾಲತಾಣವೊಂದರಲ್ಲಿ ಹಾಕಿದ್ದ ಪೋಸ್ಟಿನ ಲಿಂಕ್, ತಾರೀಕು ಕಾಣುವ ಸ್ಕ್ರೀನ್‌ಶಾಟ್, ನನ್ನ ಮೂಲ ಕಡತದ ಪದರಗಳು (ಒಂದರ ಮೇಲೊಂದು ಬಿಡಿಸಿದ ಲೇಯರ್‌ಗಳು) ಕಾಣುವ ಚಿತ್ರ, ಇಷ್ಟನ್ನೂ ಜೋಡಿಸಿ ಆ ಜಾಲತಾಣದ ಕಾಪಿರೈಟ್ ದೂರಿನ ಫಾರಂ ತುಂಬಿದೆ. ಪೋಸ್ಟ್ ಹೋಯಿತು. ಕೈಯಿಂದ ಕೈಗೆ ಫಾರ್ವರ್ಡ್ ಆದದ್ದನ್ನು ಮಾತ್ರ ಯಾರೂ ವಾಪಸ್ ತರಲಾರರು.

ಅಂದಿನಿಂದ ಹೆಸರಿನ ಜಾಗ ಬದಲಾಯಿತು. ಈಗ ಅದು ಡ್ರಮ್ಮಿನ ಹೊಟ್ಟೆಯ ಮೇಲೆ, ಇಸವಿ ಸಮೇತ, ಡ್ರಮ್ಮಿನ ಬಣ್ಣಕ್ಕಿಂತ ಸ್ವಲ್ಪವೇ ಗಾಢವಾಗಿ ಇರುತ್ತದೆ. ಚಾಕುವನ್ನೂ ಅಂಚಿನಿಂದ ಒಳಗೆ, ಡ್ರಮ್ಮಿನ ಪಕ್ಕಕ್ಕೇ ತಂದಿದ್ದೇನೆ. ಕತ್ತರಿಸಲು ಹೋದರೆ ಚಿತ್ರವೇ ಕೆಲಸಕ್ಕೆ ಬಾರದು. ನಡುವೆ ಅಡ್ಡಡ್ಡ ದೊಡ್ಡ ವಾಟರ್‌ಮಾರ್ಕ್ ಹಾಕುವುದು ನನಗೆ ಒಪ್ಪಿಗೆಯಿಲ್ಲ, ಓದುವವರ ಕಣ್ಣಿಗೇ ಅಡ್ಡಿ. ಕಡತದ ಒಳಗೆ ಹೆಸರು, ಹಕ್ಕಿನ ವಿವರ ತುಂಬುತ್ತೇನೆ, ಆದರೆ ಅದನ್ನೇ ನೆಚ್ಚಿಕೊಳ್ಳುವುದಿಲ್ಲ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಆ ವಿವರ ಉದುರಿಹೋಗುತ್ತದೆ. ಹೊರಗೆ ಬಿಡುವುದು 1080 ಪಿಕ್ಸೆಲ್ ಅಗಲದ ಪ್ರತಿ. ಮೊಬೈಲಿಗೆ ಅದು ಧಾರಾಳ, ಬ್ಯಾನರ್ ಮಾಡಲು ಸಾಲದು. ಪದರಗಳಿರುವ ಮೂಲ ಕಡತ ಯಾರಿಗೂ ಕೊಡುವುದಿಲ್ಲ. ಆಗಾಗ ಗೂಗಲ್ ಲೆನ್ಸ್‌ನಲ್ಲಿ ನನ್ನದೇ ಚಿತ್ರ ಹಾಕಿ ಎಲ್ಲೆಲ್ಲಿ ಕಾಣಿಸುತ್ತದೆ ನೋಡುತ್ತೇನೆ.

ಕಾನೂನಿನ ವಿಷಯದಲ್ಲಿ ಒಂದಿಷ್ಟು ಗೊತ್ತಿದ್ದರೆ ಧೈರ್ಯ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಚಿತ್ರ ಬಿಡಿಸಿದ ಕೂಡಲೇ ಹಕ್ಕು ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಮಾಡಿಸಿಟ್ಟರೆ ಜಗಳ ಬಂದಾಗ ಸಾಕ್ಷಿಗೆ ಬರುತ್ತದೆ. 57ನೇ ಸೆಕ್ಷನ್ ಇನ್ನೂ ಮುಖ್ಯ. ಹಕ್ಕನ್ನು ಮಾರಿದ ಮೇಲೂ "ಇದು ನನ್ನದು" ಅನ್ನುವ ಅಧಿಕಾರ, ಹೆಸರು ಕೆಡುವಂತೆ ಚಿತ್ರವನ್ನು ತಿರುಚಿದರೆ ಆಕ್ಷೇಪಿಸುವ ಅಧಿಕಾರ ಬಿಡಿಸಿದವರ ಬಳಿಯೇ ಇರುತ್ತದೆ. ಯಾರಾದರೂ ದುಡ್ಡು ಕೊಟ್ಟು ಬಿಡಿಸಿದರೆ ಹಕ್ಕು ಯಾರದು ಅನ್ನುವುದನ್ನು ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳುತ್ತೇನೆ.

ಹಾಗಂತ ಬೋರ್ಡೋ ವಿದ್ಯೆ ನನ್ನದಲ್ಲ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ್ದು ಅದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಅಡಿಕೆಯ ಕೊಳೆ ರೋಗದ ಬಗ್ಗೆ ಬರೆದು ಪ್ರಕಟಿಸಿದ್ದರು. ಆ ತಿಳಿವಳಿಕೆ ಎಲ್ಲರದು. ಬೇರೆಯವರು ತಮ್ಮ ಕೈಯಾರೆ ಬೇರೆ ಚಿತ್ರ ಬಿಡಿಸಿ ಅದನ್ನೇ ಹೇಳಲಿ, ಖುಷಿಯೇ. ನನ್ನ ಹಕ್ಕು ನಾನು ಎಳೆದ ಗೆರೆಗಳ ಮೇಲೆ ಮಾತ್ರ.

ಸಹಕಾರ ಸಂಘದವರು, ಶಾಲೆಯ ಮೇಷ್ಟ್ರು ಗೋಡೆಗೆ ಹಾಕಲು ಕೇಳಿದರೆ ಮುದ್ರಣಕ್ಕೆ ಆಗುವ ದೊಡ್ಡ ಪ್ರತಿಯನ್ನು ಪುಕ್ಕಟೆ ಕೊಡುತ್ತೇನೆ. ಜೊತೆಗೆ ಎರಡು ಸಾಲಿನ ಒಪ್ಪಿಗೆ ಪತ್ರ ಇರುತ್ತದೆ: ಕತ್ತರಿಸಬಾರದು, ಅಳತೆ ಬದಲಿಸಬಾರದು. ಈಗ ಎಲೆಚುಕ್ಕೆ ರೋಗದ ಚಿತ್ರ ಶುರುವಾಗಿದೆ. ಕಂದು ಚುಕ್ಕೆಯ ಸುತ್ತ ಇರುವ ಹಳದಿ ಅಂಚು ವಾಟ್ಸಾಪ್‌ನಲ್ಲಿ ಮಸುಕಾಗುತ್ತಿದೆ. ಅದಕ್ಕೆ ಒಂದೇ ಒಂದು ಚುಕ್ಕೆಯನ್ನು ಅಂಗೈ ಅಗಲ ದೊಡ್ಡದು ಮಾಡಿ ಬಿಡಿಸುತ್ತಿದ್ದೇನೆ. ಹೆಸರು ಈ ಸಲ ಎಲೆಯ ನಡುನರದ ಗುಂಟ.