ಸಿನಿಮಾ ಡಿವಿಡಿಯ ಬೀಗ: ನಾನು ತೆರೆದು ನೋಡಿದ್ದು

ಮೈಸೂರಿನ ಸರಸ್ವತಿಪುರಂನಲ್ಲಿ ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಹಳೆ ಡಿವಿಡಿಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಡಿ ಅಂತ ಈಗಲೂ ಜನ ಬರುತ್ತಾರೆ. ಮದುವೆ, ಗೃಹಪ್ರವೇಶದ ಡಿಸ್ಕ್ ಆದರೆ ಸುಲಭ, ಅವಕ್ಕೆ ಕಾಪಿ ತಡೆಯುವ ಬೀಗ ಇರುವುದಿಲ್ಲ. ಸಿನಿಮಾ ಡಿಸ್ಕ್‌ಗಳದ್ದೇ ಬೇರೆ ಕಥೆ.

ಮಂಡ್ಯದ ಮೇಷ್ಟ್ರೊಬ್ಬರು ಬಂದಿದ್ದರು. "ಫೈಲ್ ಕಾಪಿ ಆಗಿದೆ ಕಣಪ್ಪ, ಸೈಜೂ ಸರಿ ಇದೆ. ಚಿತ್ರ ಮಾತ್ರ ಬರಲ್ಲ" ಅಂದರು. ಹಾಕಿದರೆ ಪರದೆ ತುಂಬ ಹಸಿರು, ಗುಲಾಬಿ ಚೌಕಗಳು, ಜೊತೆಗೆ ಕರಕರ ಸದ್ದು.

ಫೈಲಿನ ಒಂದೊಂದು ಬೈಟನ್ನೂ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ಅದನ್ನು ತೆರೆದೆ. "ಇಲ್ಲಿ ನೋಡಿ ಸಾರ್" ಅಂತ ಅವರಿಗೂ ತೋರಿಸಿದೆ. ವಿಡಿಯೊ 2048 ಬೈಟ್‌ನ ಸೆಕ್ಟರ್ ಅನ್ನುವ ತುಂಡುಗಳಾಗಿ ಕೂತಿರುತ್ತದೆ. ಪ್ರತಿಯೊಂದರ ಶುರುವಿನಲ್ಲೂ 00 00 01 BA ಅನ್ನುವ ಗುರುತಿನ ಬೈಟ್‌ಗಳು. ಬೀಗ ಹಾಕಿದ ಸೆಕ್ಟರ್‌ನಲ್ಲೂ ಮೊದಲ 128 ಬೈಟ್ ಬಿಚ್ಚಿಯೇ ಇರುತ್ತದೆ. ಅದಕ್ಕೇ ಪ್ಲೇಯರ್ ಇದು ವಿಡಿಯೊ ಅಂತ ಗುರುತು ಹಿಡಿದು ಓಡಿಸಲು ಹೊರಡುತ್ತದೆ. ಉಳಿದ 1920 ಬೈಟ್ ಪೂರ್ತಿ ಕಲಸಿಹೋಗಿರುತ್ತದೆ.

ಇದನ್ನು ಬಿಡಿಸುವ ಕೀ ಎಲ್ಲಿ? ಸಿಎಸ್‌ಎಸ್ ಅನ್ನುವ ಈ ವ್ಯವಸ್ಥೆ 1996ರದ್ದು. ಲೈಸೆನ್ಸ್ ಪಡೆದ ಪ್ಲೇಯರ್‌ನೊಳಗೆ ಪ್ಲೇಯರ್ ಕೀ ಇರುತ್ತದೆ. ಅದರಿಂದ ಡಿಸ್ಕ್ ಕೀ ಬಿಚ್ಚಬೇಕು, ಡಿಸ್ಕ್ ಕೀಯಿಂದ ಟೈಟಲ್ ಕೀ, ಅದರಿಂದ ಚಿತ್ರ. ಡಿಸ್ಕ್ ಕೀ ಇರುವುದು ಡಿಸ್ಕಿನ ಒಳ ಅಂಚಿನ ಲೀಡ್-ಇನ್ ಭಾಗದಲ್ಲಿ, ಟೈಟಲ್ ಕೀ ಸೆಕ್ಟರ್‌ನ ಆ 2048 ಬೈಟ್‌ಗಳಿಂದ ಆಚೆ ಇರುವ ಹೆಡರ್‌ನಲ್ಲಿ. ಎರಡೂ ಫೈಲ್ ಒಳಗಿಲ್ಲ. ಪ್ಲೇಯರೂ ಡ್ರೈವೂ ಪರಸ್ಪರ ಗುರುತು ಸಾಬೀತು ಮಾಡಿಕೊಂಡ ಮೇಲೆ ಮಾತ್ರ ಡ್ರೈವ್ ಕೀ ಕೊಡುತ್ತದೆ. ಮೇಷ್ಟ್ರು ಸಿನಿಮಾ ಓಡುತ್ತಿದ್ದಾಗಲೇ ಕಾಪಿ ಮಾಡಿದ್ದರು. ಆಗ ಗುರುತು ಸಾಬೀತಾಗಿ ಡ್ರೈವ್ ಓದಲು ಬಿಟ್ಟಿದ್ದರಿಂದ ಫೈಲ್ ಬಂತು, ಕೀ ಡಿಸ್ಕಿನಲ್ಲೇ ಉಳಿಯಿತು.

ಆ ಕೀ ಬರೀ 40 ಬಿಟ್, ತೀರಾ ಚಿಕ್ಕದು. 1999ರಲ್ಲೇ ಡಿಸಿಎಸ್‌ಎಸ್ ಎಂಬ ತಂತ್ರಾಂಶ ಈ ಬೀಗವನ್ನು ಮುರಿಯಿತು. ಬ್ಲೂ-ರೇ ಡಿಸ್ಕಿನ ಬೀಗವಾದ ಎಎಸಿಎಸ್, 128 ಬಿಟ್ ಕೀ ಇರುವ ಎಇಎಸ್ ಅನ್ನುವ ಗೂಢಲಿಪಿ ವಿಧಾನ ಬಳಸುತ್ತದೆ. ಅದರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು, ಒಂದು ಪ್ಲೇಯರ್‌ನ ಕೀ ಸೋರಿದರೆ ಮುಂದೆ ಬರುವ ಡಿಸ್ಕ್‌ಗಳು ಆ ಕೀಯನ್ನು ಒಪ್ಪದ ಹಾಗೆ ಮಾಡಬಹುದು ಅನ್ನುವುದು.

ಡಿಸ್ಕ್ ಯಾವ ಪ್ರದೇಶದ ಪ್ಲೇಯರ್‌ನಲ್ಲಿ ಓಡಬೇಕು ಅಂತ ಹೇಳುವ ರೀಜನ್ ಕೋಡ್ ಬೇರೆ ವಿಷಯ. ನಮ್ಮದು 5, ಅಮೆರಿಕದ್ದು 1. ಕಂಪ್ಯೂಟರ್ ಡ್ರೈವ್‌ನಲ್ಲಿ ಸಾಮಾನ್ಯವಾಗಿ ಐದೇ ಸಲ ಬದಲಿಸಬಹುದು, ಸುಮ್ನೆ ಒತ್ತಬೇಡಿ.

ಬೀಗ ಮುರಿದು ಕಾಪಿ ಮಾಡಿಕೊಡುವ ಕೆಲಸ ನಾನು ಹಿಡಿಯುವುದಿಲ್ಲ. ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಹೀಗೆ ಮಾಡಿದರೆ 2 ವರ್ಷದವರೆಗೂ ಜೈಲು. ಮೇಷ್ಟ್ರಿಗೆ ಯುಎಸ್‌ಬಿ ಡಿವಿಡಿ ಡ್ರೈವ್ ಕೊಡಿಸಿ, ಅವರ ಲ್ಯಾಪ್‌ಟಾಪ್‌ಗೆ ಲೈಸೆನ್ಸ್ ಇರುವ ಪ್ಲೇಯರ್ ಹಾಕಿಕೊಟ್ಟೆ.