ಬಾವುಟ ಬಿಟ್ಟು ನೆಲ ನೋಡಿದ ಮೇಲೆ

ಚಿತ್ರದುರ್ಗದ ಹೊಳಲ್ಕೆರೆ ರಸ್ತೆಯಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಬೋರ್‌ವೆಲ್ ಮೋಟಾರು ಹೊತ್ತು ತರುವ ರೈತರೇ ನನ್ನ ಗಿರಾಕಿಗಳು. ಬೇಸಿಗೆಯಲ್ಲಿ ಕೈತುಂಬ ಕೆಲಸ, ಮಳೆ ಹಿಡಿದರೆ ಬಿಡುವು. ಅಂಥ ಒಂದು ಮಳೆಗಾಲದ ಬಿಡುವಿನಲ್ಲಿ ಈ ಗಾಲ್ಫ್ ಶುರುವಾಯಿತು. ದಾವಣಗೆರೆಯ ಅಕ್ಕನ ಮಗ ಓದಲಿಕ್ಕೆಂದು ಇಲ್ಲಿಗೆ ಬಂದು ನಮ್ಮ ಮನೆಯಲ್ಲೇ ಉಳಿದ. ಬರುವಾಗ ಬಟ್ಟೆಬರೆಯ ಜೊತೆ ಪ್ಲೇಸ್ಟೇಷನ್ ತಂದ. ಅದರಲ್ಲಿ ಪಿಜಿಎ ಟೂರ್ 2ಕೆ21 ಎಂಬ ಗಾಲ್ಫ್ ವಿಡಿಯೋ ಗೇಮ್ ಇತ್ತು. ಅವನು ಕ್ರಿಕೆಟ್ ಆಡಿ ಮಲಗಿದ ಮೇಲೆ ನಾನು ಒಬ್ಬನೇ ಕೂತು ಇದನ್ನು ತೆರೆದೆ. ನಿಜವಾದ ಗಾಲ್ಫ್ ದಾಂಡನ್ನು ಇವತ್ತಿಗೂ ಮುಟ್ಟಿದವನಲ್ಲ. ಆದರೆ ಈ ಆಟ ನನ್ನನ್ನು ಹಿಡಿದುಕೊಂಡಿತು. ಅದರಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ್ದು ದೂರದ ಐರನ್ ಹೊಡೆತ. ಅದನ್ನು ಸರಿಪಡಿಸಿಕೊಂಡ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮೊದಲ ಹೊಡೆತವನ್ನು ಡ್ರೈವರ್ ಎಂಬ ದಾಂಡಿನಲ್ಲಿ ದೂರ ಹೊಡೆಯುತ್ತೇವೆ. ಅಲ್ಲಿಂದ ಗ್ರೀನ್‌ಗೆ, ಅಂದರೆ ಗುಂಡಿಯೂ ಅದರ ಬಾವುಟವೂ ಇರುವ ನುಣುಪಾದ ಹುಲ್ಲಿನ ಜಾಗಕ್ಕೆ, ಚೆಂಡು ಮುಟ್ಟಿಸಲು ಬಳಸುವ ದಾಂಡು ಐರನ್. ಮೊದಲ ಹೊಡೆತದ ಜಾಗದಿಂದ ಅಲ್ಲಿಯವರೆಗಿನ ಇಡೀ ದಾರಿಗೂ ಗುಂಡಿ ಅಂತಲೇ ಹೆಸರು. ಐರನ್‌ನ ಸಂಖ್ಯೆ ಚಿಕ್ಕದಾದಷ್ಟೂ ಅದರ ಮುಖ ನೆಟ್ಟಗಿರುತ್ತದೆ, ಚೆಂಡು ತಗ್ಗಾಗಿ ದೂರ ಹೋಗುತ್ತದೆ. 9ನೇ ಐರನ್ ಚೆಂಡನ್ನು ಎತ್ತರಕ್ಕೆ ಚಿಮ್ಮಿಸಿ ಹತ್ತಿರದಲ್ಲಿ ಇಳಿಸುತ್ತದೆ. 3, 4, 5 ಇವು ದೂರದ ಐರನ್‌ಗಳು. ನನ್ನ ಆಟಗಾರನಿಗೆ 4ನೇ ಐರನ್ ಸುಮಾರು 205 ಗಜ ಕೊಡುತ್ತದೆ. ಗಜ ಅಂದರೆ ಮೀಟರಿಗಿಂತ ಸ್ವಲ್ಪ ಕಡಿಮೆ. 200 ಗಜಕ್ಕೆ 183 ಮೀಟರ್.

ಡ್ರೈವರ್ ಬೇಗ ಒಲಿಯಿತು. ಗ್ರೀನ್ ಮೇಲೆ ಉರುಳಿಸುವ ಪಟ್ಟಿಂಗ್ ಕೂಡ ಒಂದೆರಡು ತಿಂಗಳಲ್ಲಿ ಹದಕ್ಕೆ ಬಂತು. 180ರಿಂದ 220 ಗಜದ ನಡುವೆ ಮಾತ್ರ ನನ್ನ ಆಟವೇ ಬೇರೆ. ಅಮೆರಿಕದ ಫ್ಲಾರಿಡಾದಲ್ಲಿ ಟಿಪಿಸಿ ಸಾಗ್ರಾಸ್ ಅಂತ ಒಂದು ಮೈದಾನ, ಆಟದಲ್ಲೂ ಇದೆ. ಅದರ 17ನೇ ಗುಂಡಿಯನ್ನು ಎಲ್ಲರೂ ಹೊಗಳುತ್ತಾರೆ, ನೀರಿನ ನಡುವೆ ದ್ವೀಪದಂಥ ಗ್ರೀನ್. ದೂರ ಬರೀ 137 ಗಜ, ಅದು ನನಗೆ ಕಷ್ಟವಾಗಲಿಲ್ಲ. ನನ್ನನ್ನು ಅಳಿಸಿದ್ದು ಅದರ ಮುಂದಿನ 18ನೆಯದು. ಉದ್ದ 462 ಗಜ, ಎಡಗಡೆ ಉದ್ದಕ್ಕೂ ನೀರು. ಡ್ರೈವರ್ ಚೆನ್ನಾಗಿ ಬಿದ್ದರೂ ಇನ್ನೂ 190, 200 ಗಜ ಉಳಿಯುತ್ತದೆ. 4ನೇ ಐರನ್ ತೆಗೆದರೆ ಚೆಂಡು ನೀರಿಗೆ. ಮತ್ತೆ ತೆಗೆದರೆ ಮತ್ತೆ ನೀರಿಗೆ. ಹದಿನೇಳು ಗುಂಡಿ ಚೆನ್ನಾಗಿ ಆಡಿ ಕೊನೆಯದರಲ್ಲಿ ಎಲ್ಲ ಕಳೆದುಕೊಂಡು ಮಲಗಿದ ರಾತ್ರಿಗಳು ಎಷ್ಟೋ.

ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ಸುಟ್ಟ ಮೋಟಾರನ್ನು ಬಿಚ್ಚಿದ ಕೂಡಲೇ ಹಳೇ ತಂತಿ ಕತ್ತರಿಸಿ ಬಿಸಾಡುವುದಿಲ್ಲ. ಸ್ಲಾಟ್ ಎಷ್ಟು, ಒಂದೊಂದು ಕಾಯಿಲಿಗೆ ಸುತ್ತು ಎಷ್ಟು, ತಂತಿಯ ಗೇಜ್ ಎಷ್ಟು, ಎಲ್ಲ ಎಣಿಸಿ ಪುಸ್ತಕದಲ್ಲಿ ಬರೆದುಕೊಂಡ ಮೇಲೇ ಮುಂದಿನ ಕೆಲಸ. ಒಂದು ದಿನ ಅಂಗಡಿಯಲ್ಲಿ ಹಾಗೆ ಬರೆಯುತ್ತಾ ಕೂತಿದ್ದಾಗ, ಇಪ್ಪತ್ತು ವರ್ಷದಿಂದ ಮೋಟಾರಿಗೆ ಮಾಡುತ್ತಿರುವುದನ್ನು ಆಟಕ್ಕೆ ಯಾಕೆ ಮಾಡಲಿಲ್ಲ ಅನ್ನಿಸಿತು. ಅವತ್ತು ರಾತ್ರಿಯೇ ಒಂದು ನೂರು ಪುಟದ ನೋಟ್‌ಬುಕ್ ತೆಗೆದೆ. ಪ್ರತಿ ದೂರದ ಹೊಡೆತಕ್ಕೂ ಒಂದು ಸಾಲು: ಎಷ್ಟು ದೂರ, ಯಾವ ಐರನ್, ಗಾಳಿ ಎಷ್ಟು, ಚೆಂಡು ಎಲ್ಲಿ ಬಿತ್ತು, ಎಲ್ಲಿ ನಿಂತಿತು, ಎಡಕ್ಕೋ ಬಲಕ್ಕೋ. 50 ಹೊಡೆತ ಬರೆದ ಮೇಲೆ ಕೂತು ಓದಿದೆ. ಗ್ರೀನ್ ಮೇಲೆ ನಿಂತದ್ದು 11. ತಪ್ಪಿದವುಗಳಲ್ಲಿ ಎರಡು ಬಗೆ ಎದ್ದು ಕಾಣುತ್ತಿತ್ತು. ಒಂದು, ಎಡಕ್ಕೆ ತಿರುಗಿದ್ದು. ಇನ್ನೊಂದು, ನೆಟ್ಟಗೆ ಹೋಗಿ ಗ್ರೀನ್ ದಾಟಿ ಆಚೆಗೆ ಉರುಳಿದ್ದು. ಬಲಕ್ಕೆ ಹೋದದ್ದು, ಮುಂಚೆಯೇ ಬಿದ್ದು ಕುಂಟಿದ್ದು ಬೆರಳೆಣಿಕೆಯಷ್ಟು.

ಎಡಕ್ಕೆ ಹೋಗುವುದನ್ನು ಮೊದಲು ಹಿಡಿದೆ. ಈ ಆಟದಲ್ಲಿ ಕಂಟ್ರೋಲರ್‌ನ ಬಲಗಡೆಯ ಸ್ಟಿಕ್ಕನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು. ಬಲಗೈ ಆಟಗಾರನಾದರೆ ತಳ್ಳುವ ವೇಗ ಹೆಚ್ಚಾದಾಗ ಚೆಂಡು ಎಡಕ್ಕೆ, ನಿಧಾನವಾದಾಗ ಬಲಕ್ಕೆ. ಜೋರಾಗಿ ತಳ್ಳಿದ ಮಾತ್ರಕ್ಕೆ ದೂರ ಒಂದು ಗಜವೂ ಹೆಚ್ಚಾಗುವುದಿಲ್ಲ. ಇದು ನನಗೆ ಗೊತ್ತಿತ್ತು, ಬೆರಳಿಗೆ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಚಿನ್ನಿದಾಂಡು ಆಡಿದ ಕೈ. ದೂರ ಹೋಗಬೇಕಾದರೆ ಜೋರಾಗಿ ಬಾರಿಸಬೇಕು ಅಂತಲೇ ಅದು ನಂಬಿದೆ. 9ನೇ ಐರನ್ ಹಿಡಿದಾಗ ಸಾವಕಾಶವಾಗಿ ತಳ್ಳುವ ಹೆಬ್ಬೆರಳು, 200 ಗಜ ಅಂತ ಪರದೆ ಮೇಲೆ ಕಂಡ ಕೂಡಲೇ ಬಿಗಿಯಾಗುತ್ತಿತ್ತು. ಹೊಡೆದ ಮೇಲೆ ವೇಗ ಹೆಚ್ಚಾಯಿತು ಅಂತ ಆಟವೇ ತೋರಿಸುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಹೋದ ಹೊಡೆತಗಳ ಎದುರಿಗೆಲ್ಲ ಅದೇ ಮಾತು.

ಇದಕ್ಕೆ ಮದ್ದು ಅಂಗಡಿಯಲ್ಲೇ ಸಿಕ್ಕಿತು. ಕಾಯಿಲ್ ಸುತ್ತುವಾಗ ಕೈಯ ವೇಗ ಮೊದಲ ಸುತ್ತಿನಿಂದ ಕೊನೆಯವರೆಗೆ ಒಂದೇ ಇರಬೇಕು. ಎಳೆದರೆ ತಂತಿ ತೆಳುವಾಗುತ್ತದೆ, ಸಡಿಲ ಬಿಟ್ಟರೆ ಸ್ಲಾಟಿನಲ್ಲಿ ಕೂರುವುದಿಲ್ಲ. ನಾನು ಸುತ್ತುವಾಗ ಬಾಯಲ್ಲೇ 'ಒಂ...ದು, ಎರಡು' ಎಂದು ಎಣಿಸುತ್ತೇನೆ. ಅದನ್ನೇ ಆಟಕ್ಕೆ ತಂದೆ: 'ಒಂ...ದು' ಅಂದಾಗ ಸ್ಟಿಕ್ ಹಿಂದಕ್ಕೆ, 'ಎರಡು' ಅಂದಾಗ ಮುಂದಕ್ಕೆ. ಅಭ್ಯಾಸದ ಮೈದಾನಕ್ಕೆ ಹೋಗಿ 9ನೇ ಐರನ್‌ನಲ್ಲಿ ಐದು, 7ರಲ್ಲಿ ಐದು, ಆಮೇಲೆ 5, ಆಮೇಲೆ 4. ಎಣಿಕೆ ಬದಲಾಗಕೂಡದು. ದೂರದ ಅಂಕಿಯನ್ನು ನೋಡದೆ ಹೊಡೆಯುವುದು ಇದರಲ್ಲಿ ಮುಖ್ಯ. ಮೂರು ವಾರ ಹಿಡಿಯಿತು. ಪಕ್ಕದ ಕೋಣೆಯಿಂದ ನನ್ನ ಹೆಂಡತಿ, "ರೀ, ಮನೇಲೂ ಕಾಯಿಲ್ ಸುತ್ತುತಿದೀರಾ?" ಅಂತ ಕೇಳುವಷ್ಟು ಎಣಿಸಿದೆ.

ಈ ನಡುವೆ ಒಂದು ಸಣ್ಣ ವಿಷಯ. ನಮ್ಮ ಟಿವಿ ಹಳೆಯದು, ಚಿತ್ರವನ್ನು ಚಂದ ಮಾಡಲು ಹೋಗಿ ಸ್ವಲ್ಪ ತಡ ಮಾಡಿ ತೋರಿಸುತ್ತದೆ. ಬೆರಳು ತಳ್ಳಿದ್ದಕ್ಕೂ ಪರದೆಯಲ್ಲಿ ದಾಂಡು ಅಲ್ಲಾಡುವುದಕ್ಕೂ ನಡುವೆ ಕಣ್ಣಿಗೆ ಕಾಣದ ಅಂತರ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಹಾಕಿದ ಮೇಲೆ ಅದು ಕಡಿಮೆಯಾಯಿತು. ಆಟವನ್ನು ಬಯ್ಯುವ ಮುಂಚೆ ಎಲ್ಲರೂ ಇದನ್ನೊಮ್ಮೆ ನೋಡಿಕೊಳ್ಳಿ.

ಎಡಕ್ಕೆ ಹೋಗುವುದು ನಿಂತಿತು, ಸರಿ. ಆದರೆ ಗ್ರೀನ್ ದಾಟಿ ಆಚೆಗೆ ಉರುಳುವುದು ಹೆಚ್ಚಾಯಿತು. ಮೊದಲು ನೀರಿಗೆ ಬೀಳುತ್ತಿದ್ದವು ಈಗ ನೆಟ್ಟಗೆ ಹೋಗಿ ಗ್ರೀನ್ ಹಿಂದಿನ ಬಂಕರಿಗೆ, ಅಂದರೆ ಮರಳಿನ ಹಳ್ಳಕ್ಕೆ, ಬೀಳತೊಡಗಿದವು. ಬೇಜಾರಾಗಿ ಒಂದು ವಾರ ಆಡಲೇ ಇಲ್ಲ.

ಒಂದು ಭಾನುವಾರ ಅಳಿಯ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಅವನಿಗೆ ಗಾಲ್ಫ್ ಗೊತ್ತಿಲ್ಲ. "ಮಾಮ, ಚೆಂಡು ಬಾವುಟದ ಬುಡಕ್ಕೇ ಬಿತ್ತಲ್ಲ, ಮತ್ಯಾಕೆ ಅಲ್ಲಿ ನಿಲ್ಲಲಿಲ್ಲ?" ಅಂದ. "ಓಡಿಹೋಯ್ತು ಕಣೋ" ಅಂದೆ. "ಓಡುತ್ತೆ ಅಂತ ಗೊತ್ತಿದ್ರೆ ಬಾವುಟದ ಹತ್ರ ಯಾಕೆ ಹಾಕ್ತೀಯ?" ಅಂದ.

ನಾನು ನೋಟ್‌ಬುಕ್ ತೆಗೆದೆ. ಎಲ್ಲಿ ಬಿತ್ತು, ಎಲ್ಲಿ ನಿಂತಿತು ಅಂತ ಎರಡು ಕಾಲಂ ಬರೆದಿದ್ದೆ, ಒಂದರಿಂದ ಇನ್ನೊಂದನ್ನು ಕಳೆದೇ ಇರಲಿಲ್ಲ! ಅವತ್ತು ಕಳೆದೆ. 9ನೇ ಐರನ್ ಬಿದ್ದಲ್ಲಿಂದ ಎರಡು ಮೂರು ಗಜ ಆಚೆ ನಿಲ್ಲುತ್ತಿತ್ತು. 7 ಆದರೆ ಐದಾರು. 4ನೇ ಐರನ್ 12ರಿಂದ 16 ಗಜ, ಗಟ್ಟಿ ಗ್ರೀನ್ ಆದರೆ ಇನ್ನೂ ಮುಂದೆ. ಪರದೆಯಲ್ಲಿ ನಾವು ಸರಿಸುವ ಗುರಿಯ ಗುರುತು ಚೆಂಡು ನೆಲಕ್ಕೆ ಬೀಳುವ ಜಾಗ, ನಿಲ್ಲುವ ಜಾಗ ಅಲ್ಲ. ನಾನು ಆ ಗುರುತನ್ನು ಬಾವುಟದ ಮೇಲೇ ಇಟ್ಟು ಒಂದು ವರ್ಷ ಹೊಡೆದಿದ್ದೆ.

ಕಾರಣ ಹುಡುಕಿ ಓದಿದಾಗ ನನ್ನ ಕಸುಬಿನ ಭಾಷೆಯಲ್ಲೇ ಉತ್ತರ ಸಿಕ್ಕಿತು: ನಿಮಿಷಕ್ಕೆ ಎಷ್ಟು ಸುತ್ತು. ಅಮೆರಿಕದ ವೃತ್ತಿಪರ ಆಟಗಾರರ ನಿಜವಾದ ಹೊಡೆತಗಳನ್ನು ಟ್ರ್ಯಾಕ್‌ಮನ್ ಎಂಬ ರೇಡಾರ್‌ನಿಂದ ಅಳೆದ ಸರಾಸರಿ ಇದೆ. 9ನೇ ಐರನ್‌ಗಿಂತಲೂ ಹತ್ತಿರದ ಹೊಡೆತಕ್ಕಿರುವ ಪಿಚಿಂಗ್ ವೆಜ್ ಎಂಬ ದಾಂಡಿನಿಂದ ಹೊರಟ ಚೆಂಡು ನಿಮಿಷಕ್ಕೆ ಸುಮಾರು 9,300 ಸುತ್ತು ಹಿಮ್ಮುಖವಾಗಿ ತಿರುಗುತ್ತದೆ. 7ನೇ ಐರನ್ ಆದರೆ ಸುಮಾರು 7,100. 3ನೇ ಐರನ್‌ಗೆ ಬರುವಾಗ ಸುಮಾರು 4,600. ನಾವು ಕಟ್ಟುವ ಸಬ್‌ಮರ್ಸಿಬಲ್ ಮೋಟಾರ್ ತಿರುಗುವುದು 2,880ರ ಆಸುಪಾಸು; ಚೆಂಡಿನ ಸುತ್ತು ಎಂಥದ್ದು ಅಂತ ಅದರಿಂದ ನನಗೆ ಅಂದಾಜಾಯಿತು. ಈ ಹಿಮ್ಮುಖ ಸುತ್ತೇ ನೆಲ ಮುಟ್ಟಿದಾಗ ಬ್ರೇಕ್ ಹಾಕುವುದು. ದೂರದ ಐರನ್‌ನಲ್ಲಿ ಬ್ರೇಕ್ ಅರ್ಧಕ್ಕರ್ಧ ಕಡಿಮೆ, ಜೊತೆಗೆ ಚೆಂಡು ಇಳಿಯುವ ಕೋನವೂ ಓರೆ. ಓಡದೆ ಇನ್ನೇನು ಮಾಡೀತು? ಆಟ ಮಾಡಿದವರು ಇದನ್ನು ನಿಷ್ಠೆಯಿಂದ ಅಳವಡಿಸಿದ್ದಾರೆ. ಅದಕ್ಕೇ ನನಗೆ ಈ ಆಟದ ಮೇಲೆ ಗೌರವ.

ಅಲ್ಲಿಂದ ನನ್ನ ಲೆಕ್ಕ ತಿರುಗಿತು. ಬಾವುಟ 200 ಗಜದಲ್ಲಿದೆ ಅಂದರೆ ನಾನು ಮೊದಲು ನೋಡುವುದು 186ನೇ ಗಜದಲ್ಲಿ ನೆಲ ಹೇಗಿದೆ ಅಂತ. ಕ್ಯಾಮೆರಾ ಮುಂದಕ್ಕೆ ಒಯ್ದು ಗ್ರೀನ್‌ನ ಬಾಯಿ, ಅಂದರೆ ನಮ್ಮ ಕಡೆಯ ಅಂಚು, ನೋಡುತ್ತೇನೆ. ಎದುರಿಗೆ ಬಂಕರ್ ಇಲ್ಲದೆ ದಾರಿ ತೆರೆದಿದ್ದರೆ ಬಾಯಿಯ ಮುಂದೆಯೇ ಬೀಳಿಸಿ ಒಳಗೆ ಓಡಿಸುತ್ತೇನೆ. ಬಂಕರ್ ಇದ್ದರೆ ಅದನ್ನು ದಾಟಿ ಗ್ರೀನ್‌ನ ಮೊದಲ ಕೆಲವೇ ಗಜಗಳಲ್ಲಿ ಬೀಳಿಸಿ, ಬಾವುಟದ ಆಚೆ ನಿಂತರೂ ನಿಲ್ಲಲಿ ಎನ್ನುತ್ತೇನೆ. ಬಾವುಟ ಬಂಕರಿನ ಬೆನ್ನಿಗೇ ಅಂಟಿಕೊಂಡಿದ್ದರೆ ಅದನ್ನು ಮರೆತು ಗ್ರೀನ್‌ನ ನಡುವಿಗೆ. ನಿಜವಾದ ಪಿಜಿಎ ಟೂರ್‌ನಲ್ಲಿ, ಅಂದರೆ ಅಮೆರಿಕದ ವೃತ್ತಿಪರ ಪಂದ್ಯಗಳಲ್ಲಿ, ಆಡುವವರೂ 200 ಗಜದ ಮೇಲಿಂದ ಹೊಡೆದಾಗ ಚೆಂಡು ಗುಂಡಿಯಿಂದ ಸರಾಸರಿ 40 ಅಡಿಗೂ ಆಚೆ ನಿಲ್ಲುತ್ತದಂತೆ. ಇದನ್ನು ಓದಿದ ದಿನ ನನ್ನ ಎದೆ ಹಗುರಾಯಿತು. 40 ಅಡಿಯಿಂದ ಎರಡು ಪಟ್‌ನಲ್ಲಿ ಮುಗಿಸಿದರೆ ಅದು ಒಳ್ಳೆಯ ಆಟವೇ. ಸಾಗ್ರಾಸ್‌ನ 8ನೇ ಗುಂಡಿ 237 ಗಜದ್ದು, ಒಂದೇ ಹೊಡೆತದಲ್ಲಿ ಗ್ರೀನ್ ಮುಟ್ಟಬೇಕು. ಈ ಲೆಕ್ಕವನ್ನು ನನಗೆ ಕಲಿಸಿದ ಮೇಷ್ಟ್ರು ಅದೇ.

ಗಾಳಿಯ ವಿಷಯ ನಮ್ಮೂರಿನವರಿಗೆ ಹೊಸದಲ್ಲ. ಜೋಗಿಮಟ್ಟಿಯ ಕಡೆ ನೋಡಿದರೆ ಸಾಲಾಗಿ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಆಷಾಢದಲ್ಲಿ ಅಂಗಡಿಯ ತಗಡು ಕಿತ್ತುಹೋಗುವಂತೆ ಬೀಸುತ್ತದೆ. ಆದರೂ ಆಟದಲ್ಲಿ ಗಾಳಿಯನ್ನು ಅರ್ಥ ಮಾಡಿಕೊಳ್ಳಲು ನನಗೆ ಅಜ್ಜಿಯ ಕಣ ನೆನಪಾಗಬೇಕಾಯಿತು. ನವಣೆ ತೂರುವಾಗ ಅಜ್ಜಿ ಗಾಳಿ ಜೋರಾದರೆ ಮೊರವನ್ನು ತಗ್ಗಿಸಿ ಹಿಡಿಯುತ್ತಿದ್ದಳು, ಮಂದವಾದರೆ ತಲೆಯ ಮೇಲೆತ್ತುತ್ತಿದ್ದಳು. ಎತ್ತರದಿಂದ ಬಿಟ್ಟ ಕಾಳು ಗಾಳಿಯ ಕೈಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಅಷ್ಟೇ. ಚೆಂಡೂ ಹಾಗೇ. ಎದುರುಗಾಳಿ ಇದ್ದರೆ ಎಡ ಸ್ಟಿಕ್‌ನಿಂದ ಹೊಡೆತದ ಎತ್ತರ ತಗ್ಗಿಸುತ್ತೇನೆ, ಇನ್ನೂ ದೂರ ಹೋಗುವ ದಾಂಡು ಹಿಡಿಯುತ್ತೇನೆ. ನಿಜವಾದ ಗಾಲ್ಫ್‌ನಲ್ಲಿ ಬಳಸುವ ಒಂದು ಒರಟು ಲೆಕ್ಕ ಇಲ್ಲೂ ನನಗೆ ನಡೆದಿದೆ: ಗಂಟೆಗೆ ಒಂದು ಮೈಲಿ ಎದುರುಗಾಳಿಗೆ ದೂರದ ನೂರಕ್ಕೆ ಒಂದು ಭಾಗ ಸೇರಿಸು, ಹಿಂದಿನಿಂದ ಬೀಸಿದರೆ ಅದರ ಅರ್ಧ ಕಳೆ. ಅಂದರೆ 200 ಗಜಕ್ಕೆ 10 ಮೈಲಿಯ ಎದುರುಗಾಳಿ 220 ಕೇಳುತ್ತದೆ, ಹಿಂಗಾಳಿ 190 ಸಾಕು ಎನ್ನುತ್ತದೆ. ಎರಡೂ ಕಡೆ ಒಂದೇ ಅಂಕಿ ಹಾಕುತ್ತಿದ್ದದ್ದು ನನ್ನ ಹಳೆಯ ತಪ್ಪು. ಹಿಂಗಾಳಿಯಲ್ಲಿ ಇನ್ನೊಂದು ಮಾತು ನೆನಪಿಡಬೇಕು, ಬಿದ್ದ ಮೇಲೆ ಓಟವೂ ಹೆಚ್ಚು.

ಏರಿಳಿತದ ಲೆಕ್ಕ ಸುಲಭ. ಗ್ರೀನ್ ಮೂರು ಅಡಿ ಮೇಲಿದ್ದರೆ ಒಂದು ಗಜ ಸೇರಿಸು, ಕೆಳಗಿದ್ದರೆ ಕಳೆ. ರಫ್ ಎಂಬ ಉದ್ದ ಹುಲ್ಲಿನಲ್ಲಿ ಚೆಂಡು ಕೂತಿದ್ದರೆ ಬಲ ಎಷ್ಟು ಕುಗ್ಗುತ್ತದೆ ಅಂತ ಆಟವೇ ತೋರಿಸುತ್ತದೆ.

ಚೀಲದಲ್ಲಿ 14 ದಾಂಡಿಗಿಂತ ಹೆಚ್ಚು ಇರುವಂತಿಲ್ಲ. ನಾನು 3ನೇ ಐರನ್ ತೆಗೆದು ಹೈಬ್ರಿಡ್ ಎಂಬ ದಾಂಡು ಹಾಕಿಕೊಂಡೆ. ಅಷ್ಟೇ ದೂರ ಹೋಗಿ ಇನ್ನೂ ಎತ್ತರದಿಂದ ಇಳಿಯುತ್ತದೆ. ಬಂಕರ್ ದಾಟಬೇಕಾದಲ್ಲಿ ಅದು, ಓಡಿಸಬೇಕಾದಲ್ಲಿ 4ನೇ ಐರನ್. 3ನೇ ಐರನ್ ಇಟ್ಟುಕೊಳ್ಳಲೇಬೇಕು ಎನ್ನುವವರು ಇದ್ದಾರೆ. ಮೊದಲ ವರ್ಷದವರಿಗೆ ಅದು ಬೇಡ ಅಂತಲೇ ನಾನು ಹೇಳುತ್ತೇನೆ.

ಇಷ್ಟೆಲ್ಲ ಕೈಗೆ ಇಳಿದದ್ದು ಮಾತ್ರ ಆಟದಲ್ಲೇ ಇರುವ ಕೋರ್ಸ್ ಡಿಸೈನರ್‌ನಿಂದ. ಅದರಲ್ಲಿ ನಮ್ಮದೇ ಮೈದಾನ ಕಟ್ಟಬಹುದು. ಅಳಿಯನೂ ನಾನೂ ಎರಡು ಭಾನುವಾರ ಕೂತು ಒಂಬತ್ತು ಗುಂಡಿಯ ಮೈದಾನ ಮಾಡಿದೆವು. ಒಂದೊಂದೂ 185ರಿಂದ 220 ಗಜದೊಳಗೆ. ಕೆಲವಕ್ಕೆ ಬಾಯಿ ತೆರೆದ ಗ್ರೀನ್, ಕೆಲವಕ್ಕೆ ಎದುರಿಗೇ ಬಂಕರ್, ಒಂದಕ್ಕೆ ಎಡಗಡೆ ಪೂರ್ತಿ ನೀರು. ಸುತ್ತ ದೊಡ್ಡ ದೊಡ್ಡ ಬಂಡೆ ಜೋಡಿಸಿದ ಅಳಿಯ, ಕೋಟೆಯ ಮೇಲಿನಂತೆ ಕಾಣಲಿ ಅಂತ. ಇಡೀ ಸುತ್ತಿಗೆ ಇಪ್ಪತ್ತೇ ನಿಮಿಷ. ಕರೆಂಟ್ ಹೋಗದ ರಾತ್ರಿ ಎರಡು ಸುತ್ತು ಆಡುತ್ತಿದ್ದೆ. ಅದರಿಂದ ನಾಲ್ಕು ತಿಂಗಳಲ್ಲಿ ಆದಷ್ಟು ಸುಧಾರಣೆ ಮೊದಲ ಎರಡು ವರ್ಷದಲ್ಲಿ ಆಗಿರಲಿಲ್ಲ.

ಕಳೆದ ತಿಂಗಳು ಹೊಸದಾಗಿ 50 ಹೊಡೆತ ಬರೆದೆ. ಗ್ರೀನ್ ಮೇಲೆ ನಿಂತದ್ದು 29. ಅದೇ ವಾರ ಸಾಗ್ರಾಸ್‌ನ 18ರಲ್ಲಿ 196 ಗಜ ಉಳಿದಿತ್ತು, ಎದುರುಗಾಳಿ ಗಂಟೆಗೆ 6 ಮೈಲಿ. ಗಾಳಿಗೆ 12 ಸೇರಿಸಿದೆ, ಓಟಕ್ಕೆ 13 ಕಳೆದೆ. 195 ಬಂತು. 4ನೇ ಐರನ್, ಎತ್ತರ ಒಂದಿಷ್ಟು ತಗ್ಗಿಸಿ, ಗುರಿ ನೀರಿನಿಂದ ದೂರ, ಗ್ರೀನ್‌ನ ಬಲಭಾಗಕ್ಕೆ. 'ಒಂ...ದು, ಎರಡು.' ಚೆಂಡು ಬಾಯಿಯ ಮುಂದೆ ಬಿದ್ದು, ಎರಡು ಸಲ ಪುಟಿದು, ಒಳಕ್ಕೆ ಓಡಿ 22 ಅಡಿಯಲ್ಲಿ ನಿಂತಿತು. ಅಳಿಯ ಪುಸ್ತಕ ಮಡಿಸಿಟ್ಟು, "ಬರಿ ಮಾಮ, ಬರಿ" ಅಂತ ನೋಟ್‌ಬುಕ್ ಮುಂದಕ್ಕೆ ತಳ್ಳಿದ.