ಮೆಜೆಸ್ಟಿಕ್‌ನಲ್ಲಿ ಗಾಳ ಹಾಕಿದ್ದು

ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವ ಜಾಗ ಹಿಂದೆ ಧರ್ಮಾಂಬುಧಿ ಕೆರೆ. ಪಕ್ಕದಲ್ಲಿ ಟ್ಯಾಂಕ್ ಬಂಡ್ ರೋಡ್ ಈಗಲೂ ಇದೆ. ಕೆರೆ ಹೋಯಿತು, ಅದರ ಏರಿಯ ಹೆಸರು ಉಳಿಯಿತು. ಅಲ್ಲಿ ಫುಟ್‌ಪಾತ್ ಮೇಲೆ ಸ್ಟೂಲ್ ಹಾಕಿಕೊಂಡು ಒಂದು ಬೆಳಿಗ್ಗೆ ಮೀನು ಹಿಡಿಯುವುದು. ನನ್ನ ಕಲಾಕೃತಿ ಅಂದರೆ ಇಷ್ಟೇ.

ಹುಚ್ಚು ಹತ್ತಿಸಿದ್ದು ಬೆಲ್ಜಿಯಂ ಮೂಲದ ಕಲಾವಿದ ಫ್ರಾನ್ಸಿಸ್ ಅಲೀಸ್. 1997ರಲ್ಲಿ ಆತ ಮೆಕ್ಸಿಕೋ ಸಿಟಿಯ ಬೀದಿಗಳಲ್ಲಿ ದೊಡ್ಡ ಐಸ್ ಗಡ್ಡೆಯೊಂದನ್ನು 9 ಗಂಟೆಗೂ ಜಾಸ್ತಿ ಹೊತ್ತು ತಳ್ಳಿದ. ಕೊನೆಗೆ ಉಳಿದದ್ದು ಒಂದಿಷ್ಟು ನೀರು. 2002ರಲ್ಲಿ ಪೆರುವಿನ ಲಿಮಾ ಹತ್ತಿರ 500 ಜನರ ಕೈಗೆ ಸಲಿಕೆ ಕೊಟ್ಟು ಮರಳು ದಿಬ್ಬ ಸರಿಸಿದ. ಸರಿದದ್ದು ಸುಮಾರು 10 ಸೆಂಟಿಮೀಟರ್. ಅಷ್ಟು ಜನ ಬೆವರು ಹರಿಸಿದರೂ ಒಂದು ಗೇಣೂ ಇಲ್ಲ! ಓದಿ ನಕ್ಕೆ. ಆಮೇಲೆ ಹೊಟ್ಟೆಕಿಚ್ಚಾಯಿತು.

ಒಂದು ಗ್ಯಾಲರಿಗೆ ನಾಲ್ಕು ಪುಟದ ಟಿಪ್ಪಣಿ ಕಳಿಸಿದೆ. 'ನಗರೀಕರಣ', 'ವಿಸ್ಮೃತಿ' ಅಂತೆಲ್ಲ ತುರುಕಿದ್ದೆ. ಉತ್ತರ ಬರಲಿಲ್ಲ. ಈಗ ಓದಿದರೆ ನನಗೇ ಆಕಳಿಕೆ.

ಸರಿ, ಬಿದಿರು ಕೋಲು, ನೈಲಾನ್ ದಾರ ತಂದೆ. ಕೊಕ್ಕೆ ಯಾರ ಕಾಲಿಗಾದರೂ ಚುಚ್ಚೀತು ಅಂತ ಬದಲಿಗೆ ಒಂದು ನಟ್ಟು ಕಟ್ಟಿದೆ. ಕೇಳುವವರೆಗೆ ಕೆರೆಯ ಮಾತು ಎತ್ತಬಾರದು ಅನ್ನುವುದು ನಿಯಮ. ಯಾರಾದರೂ ಕೇಳುತ್ತಾರೆ, ನಾನು ಹೇಳುತ್ತೇನೆ, ಅವರ ಮುಖ ಸಪ್ಪಗಾಗುತ್ತದೆ, ಗೆಳೆಯ ಅದನ್ನು ವಿಡಿಯೊ ಮಾಡುತ್ತಾನೆ. ಲೆಕ್ಕ ಹೀಗಿತ್ತು.

ಒಬ್ಬರೂ ಕೇಳಲಿಲ್ಲ.

"ಗುರು, ಯಾವ ಬಸ್ಸಿಗೆ ಗಾಳ?" ಅಂದ ಒಬ್ಬ ಕಾಲೇಜು ಹುಡುಗ. ಜೊತೆಗಿದ್ದವನು, "ಬಸ್ಸಿಗಿಂತ ಮೀನೇ ಬೇಗ ಸಿಗುತ್ತೆ ಬಿಡೋ" ಅಂದ. ಸೆಕ್ಯುರಿಟಿಯವರು ಬಂದು ತೀರಾ ಗಂಭೀರವಾಗಿ, "ಮೀನು ಹಿಡಿಯೋಕೆ ಪರ್ಮಿಶನ್ ಇದ್ಯಾ?" ಅಂದರು. ಇಲ್ಲ ಸಾರ್ ಅಂದೆ. "ಹಾಗಾದ್ರೆ ಹತ್ತೇ ನಿಮಿಷ" ಅಂತ ಹೋದವರು ಮತ್ತೆ ಬರಲಿಲ್ಲ. ನಾಲ್ಕು ಪುಟ ಬರೆದ ನನಗೆ ಇಂಥ ಒಂದು ಮಾತು ಹೊಳೆದಿರಲಿಲ್ಲ. ನನ್ನ ತಮಾಷೆ ಎಲ್ಲ ಪಾಠ ಹೇಳಲು ಸಿಕ್ಕಿಸಿದ ಎರೆಹುಳು. ಅವರು ಸುಮ್ನೆ ನಕ್ಕರು.

ಬೀದಿ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಇದೇ ಊರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಕೃತಿ ಕೂರಿಸಿದಾಗ ಗುಂಡಿಯಾದರೂ ಮುಚ್ಚಿತು. ನನ್ನ ಗಾಳಕ್ಕೆ ಕೆರೆ ವಾಪಸ್ ಬರುತ್ತಾ?

ಹನ್ನೊಂದರ ಹೊತ್ತಿಗೆ ಕ್ಯಾಮೆರಾದ ಕಾರ್ಡ್ ತುಂಬಿ ಹೋಯಿತು. ಎರಡು ತಾಸಿನ ವಿಡಿಯೊದಲ್ಲಿ ಮುಕ್ಕಾಲು ಪಾಲು ಬರೀ ಜನರ ಕಾಲು. ಗೆಳೆಯ ಟೀ ಕುಡಿಯಲು ಹೋದ. ನಾನು ದಾರ ಸುತ್ತುತ್ತಿದ್ದೆ. ಅಷ್ಟು ಹೊತ್ತೂ ಗೋಣಿಚೀಲದ ಮೇಲೆ ಕೂತು ನೋಡುತ್ತಿದ್ದ ಅಜ್ಜಿಯೊಬ್ಬರು ಹತ್ತಿರ ಬಂದರು.

"ಬೆಂಡೇ ಕಟ್ಟಿಲ್ವಲ್ಲೋ ಮಗಾ, ಮೀನು ಕಚ್ಚಿದ್ರೆ ಹೆಂಗೆ ಗೊತ್ತಾಗುತ್ತೆ?"

ನೆಲದಲ್ಲಿ ಬಿದ್ದಿದ್ದ ಥರ್ಮಾಕೋಲ್ ಚೂರು ಹೆಕ್ಕಿ, ಹಲ್ಲಲ್ಲಿ ದಾರ ಎಳೆದು ಗಂಟು ಹಾಕಿದರು. "ಹೂಂ, ಈಗ ಹಾಕು" ಅಂದರು.

ಮತ್ತೆ ಕೂತೆ. ಅವರ ಬಸ್ಸು ಬರುವವರೆಗೆ ಇಬ್ಬರೂ ಬೆಂಡನ್ನೇ ನೋಡುತ್ತಿದ್ದೆವು.